ಈರುಳ್ಳಿ ಮಂಡಿಯ ಲೆಕ್ಕ, ಮಗಳ ಅರ್ಥಶಾಸ್ತ್ರ: ಸಾಲ ಮಾಡಿ ಓದಿಸಬಹುದೇ?

ಪ್ರಶ್ನೆ: ನಾನು ಯಶವಂತಪುರ ಮಾರುಕಟ್ಟೆ ಪ್ರಾಂಗಣದ ಈರುಳ್ಳಿ ಮಂಡಿಯೊಂದರಲ್ಲಿ ಗುಮಾಸ್ತ. ಮಗಳು ದ್ವಿತೀಯ ಪಿಯುಸಿಯಲ್ಲಿ ಸಂಖ್ಯಾಶಾಸ್ತ್ರ, ಅರ್ಥಶಾಸ್ತ್ರ, ವ್ಯವಹಾರ ಅಧ್ಯಯನ, ಲೆಕ್ಕಶಾಸ್ತ್ರ ಓದಿ ಶೇ 89 ಅಂಕ ಪಡೆದಿದ್ದಾಳೆ. ಎಸ್ಸೆಸ್ಸೆಲ್ಸಿವರೆಗೆ ಕನ್ನಡ ಮಾಧ್ಯಮ. ಪಿಯುಸಿಯಲ್ಲಿ ಗಣಿತ ಇರಲಿಲ್ಲ. ಮನೆಯವರೆಲ್ಲ ಬಿ.ಕಾಂ. ಸೇರಿಸಿ, ಸಿ.ಎ. ಮಾಡಲಿ ಎನ್ನುತ್ತಿದ್ದಾರೆ. ಅವಳು ಮಾತ್ರ ಅರ್ಥಶಾಸ್ತ್ರ ಮತ್ತು ದತ್ತಾಂಶ ವಿಶ್ಲೇಷಣೆಯನ್ನೇ ಓದುತ್ತೇನೆ ಎಂದು ಹಟ ಹಿಡಿದಿದ್ದಾಳೆ. ಇದೇ ಹೆಸರಿನ ನಾಲ್ಕು ವರ್ಷದ ಆನರ್ಸ್ ಕೋರ್ಸಿಗೆ ಖಾಸಗಿ ವಿಶ್ವವಿದ್ಯಾಲಯವೊಂದು ವರ್ಷಕ್ಕೆ 3.5 ಲಕ್ಷ ರೂಪಾಯಿ ಕೇಳುತ್ತಿದೆ. ಅನುದಾನಿತ ಕಾಲೇಜೊಂದರಲ್ಲಿ ಅರ್ಥಶಾಸ್ತ್ರ ಮತ್ತು ಸಂಖ್ಯಾಶಾಸ್ತ್ರ ಒಟ್ಟಿಗೆ ಸಿಗುತ್ತವೆ, ಶುಲ್ಕ ವರ್ಷಕ್ಕೆ 20 ಸಾವಿರದೊಳಗೆ. ಸಾಫ್ಟ್‌ವೇರ್ ಕಂಪನಿಯಲ್ಲಿರುವ ನನ್ನ ಭಾವಮೈದುನ, 'ಇನ್ನು ಮೂರು ವರ್ಷಕ್ಕೆ ಆ ಕೆಲಸವನ್ನೆಲ್ಲ ಎ.ಐ. ಮಾಡುತ್ತದೆ, ಸುಮ್ಮನೆ ದುಡ್ಡು ಹಾಳು' ಎನ್ನುತ್ತಾನೆ. ಸಾಲ ಮಾಡಿ ದೊಡ್ಡ ಕಡೆ ಓದಿಸಲೇ? ಓದಿದ ಮೇಲೆ ಕೆಲಸ ಸಿಗುತ್ತದೆಯೇ? ಗಣಿತವಿಲ್ಲದೆ ಅವಳಿಂದ ಇದು ಸಾಧ್ಯವೇ?

ಉತ್ತರ: ನೀವು ಕೇಳಿರುವುದು ಕೋರ್ಸಿನ ಬಗ್ಗೆ. ನಿದ್ದೆಗೆಡಿಸಿರುವುದು ಮಾತ್ರ ಸಾಲ ಎಂಬುದು ಪತ್ರದಲ್ಲೇ ಕಾಣುತ್ತದೆ. ಆದ್ದರಿಂದ ನನ್ನ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುತ್ತೇನೆ. ಮಗಳು ಆರಿಸಿಕೊಂಡ ವಿಷಯ ಸರಿಯಾಗಿದೆ. 14 ಲಕ್ಷದ ಸಾಲ ಬೇಡ. ಅನುದಾನಿತ ಕಾಲೇಜಿಗೇ ಸೇರಿಸಿ. ಆದರೆ ಗಣಿತದ ಬಾಕಿಯನ್ನು ಅವಳು ತೀರಿಸಲೇಬೇಕು. ಅದಕ್ಕೆ ರಿಯಾಯಿತಿ ಇಲ್ಲ. ನಾನು ಬೆಂಗಳೂರಿನ ಪದವಿ ಕಾಲೇಜಿನಲ್ಲಿ ಸಂಖ್ಯಾಶಾಸ್ತ್ರ ಮತ್ತು ಎಕನಾಮೆಟ್ರಿಕ್ಸ್ (ಅಂಕಿಅಂಶಗಳಿಂದ ಆರ್ಥಿಕ ಸಂಬಂಧಗಳನ್ನು ಅಳೆಯುವ ವಿಷಯ) ಕಲಿಸುವವನು. ಅದಕ್ಕೂ ಮೊದಲು ಒಂದು ಸಂಶೋಧನಾ ತಂಡದಲ್ಲಿ ಸಮೀಕ್ಷೆಯ ಅಂಕಿಅಂಶಗಳನ್ನು ಸ್ವಚ್ಛಗೊಳಿಸುವ ಕೆಲಸ ಮಾಡುತ್ತಿದ್ದೆ. ಹಾಗಾಗಿ ಈ ವಿಷಯದ ಒಳಗೂ ಹೊರಗೂ ಸ್ವಲ್ಪ ಗೊತ್ತು.

ಅರ್ಥಶಾಸ್ತ್ರವೆಂದರೆ ಇತಿಹಾಸ, ರಾಜ್ಯಶಾಸ್ತ್ರದ ಜೊತೆಗೆ ಬಿ.ಎ.ಯಲ್ಲಿ ಓದುವ ವಿಷಯ, ನೋಟ್ಸ್ ಬಾಯಿಪಾಠ ಮಾಡಿದರೆ ಪಾಸು ಎಂಬ ಮಾತು ನಮ್ಮಲ್ಲಿ ಚಾಲ್ತಿಯಲ್ಲಿದೆ. ಅದು ಪೂರ್ತಿ ಸುಳ್ಳಲ್ಲ. ಹಾಗೆ ಕಲಿಸುವ ಕಾಲೇಜುಗಳು ಇಂದಿಗೂ ಇವೆ. ಆದರೆ ಅದು ವಿಷಯದ ದೋಷವಲ್ಲ, ಕಲಿಸುವವರ ದೋಷ. 1931–32ನೇ ಸಾಲಿನ ಭಾರತದ ರಾಷ್ಟ್ರೀಯ ಆದಾಯವನ್ನು ಲೆಕ್ಕ ಹಾಕಿದ ಅರ್ಥಶಾಸ್ತ್ರಜ್ಞ ವಿ.ಕೆ.ಆರ್.ವಿ. ರಾವ್ ಅವರೇ 1972ರಲ್ಲಿ ಬೆಂಗಳೂರಿನಲ್ಲಿ ಸಾಮಾಜಿಕ ಮತ್ತು ಆರ್ಥಿಕ ಬದಲಾವಣೆ ಸಂಸ್ಥೆಯನ್ನು ಕಟ್ಟಿದರು. ನಾಗರಬಾವಿಯಲ್ಲಿರುವ ಅದನ್ನು ಎಲ್ಲರೂ ಐಸೆಕ್ ಎಂದೇ ಕರೆಯುತ್ತಾರೆ. ರಾಜ್ಯದ ಪ್ರಾದೇಶಿಕ ಅಸಮತೋಲನದ ಬಗ್ಗೆ ಡಿ.ಎಂ. ನಂಜುಂಡಪ್ಪ ಅವರ ಸಮಿತಿ 2002ರಲ್ಲಿ ಕೊಟ್ಟ ವರದಿಯನ್ನೇ ನೋಡಿ. 35 ಸೂಚಕಗಳನ್ನು ಕೂಡಿಸಿ, ಆಗಿದ್ದ 175 ತಾಲ್ಲೂಕುಗಳಲ್ಲಿ 114 ಹಿಂದುಳಿದವು, ಅವುಗಳಲ್ಲಿ 39 ಅತ್ಯಂತ ಹಿಂದುಳಿದವು ಎಂದು ಅದು ವಿಂಗಡಿಸಿತು. ಯಾವ ತಾಲ್ಲೂಕಿಗೆ ಎಷ್ಟು ಹಣ ಎಂಬ ವಾದ ವಿಧಾನಸಭೆಯಲ್ಲಿ ನಡೆದಾಗಲೆಲ್ಲ ಆ ಪಟ್ಟಿ ಹೊರಗೆ ಬರುತ್ತದೆ. ಸೂಚಕಗಳಿಗೆ ಕೊಡುವ ತೂಕವನ್ನು ಸ್ವಲ್ಪ ಬದಲಿಸಿದರೆ ಅಂಚಿನಲ್ಲಿರುವ ತಾಲ್ಲೂಕು ಪಟ್ಟಿಯ ಒಳಗೋ ಹೊರಗೋ ಹೋಗುತ್ತದೆ. ದತ್ತಾಂಶ ವಿಶ್ಲೇಷಣೆ ಎಂಬ ಹೆಸರು ಜಾಹೀರಾತುಗಳಿಗೆ ಬರುವ ಮೊದಲೇ ನಮ್ಮವರು ಆ ಕೆಲಸ ಮಾಡುತ್ತಿದ್ದರು.

ಮಗಳು ಮೂರು ವರ್ಷ ನಿಜವಾಗಿ ಏನು ಮಾಡುತ್ತಾಳೆ ಎಂಬುದನ್ನು ನಿಮ್ಮ ಮಂಡಿಯಿಂದಲೇ ತೋರಿಸುತ್ತೇನೆ. ಇದು ನಿಮಗೆ ನನಗಿಂತ ಚೆನ್ನಾಗಿ ಗೊತ್ತಿರುವ ಸರಕು.

ರಾಜ್ಯ ಸರ್ಕಾರದ ಕೃಷಿ ಮಾರಾಟ ವಾಹಿನಿ ಜಾಲತಾಣದಲ್ಲಿ ಪ್ರತಿಯೊಂದು ಮಾರುಕಟ್ಟೆಯ ದಿನದ ಧಾರಣೆ ಸಿಗುತ್ತದೆ: ಆವಕ (ಅಂದು ಬಂದ ಮಾಲಿನ ಪ್ರಮಾಣ), ಕನಿಷ್ಠ ಬೆಲೆ, ಗರಿಷ್ಠ ಬೆಲೆ, ಮಾದರಿ ಬೆಲೆ (ಹೆಚ್ಚಿನ ವಹಿವಾಟು ನಡೆದ ಬೆಲೆ). ಯಶವಂತಪುರದ ಈರುಳ್ಳಿಯ ಕೆಲವು ವರ್ಷಗಳ ಅಂಕಿಗಳನ್ನು ಅವಳು ಇಳಿಸಿಕೊಂಡಳು ಎಂದಿಟ್ಟುಕೊಳ್ಳಿ. ಮೊದಲ ವಾರವೆಲ್ಲ ಕಸ ತೆಗೆಯುವುದರಲ್ಲೇ ಕಳೆಯುತ್ತದೆ. ಆವಕದ ಕಲಮಿನಲ್ಲಿ ಸೊನ್ನೆ ಇದ್ದರೆ ಅಂದು ಲಾರಿ ಬರಲಿಲ್ಲವೋ, ಮಾರುಕಟ್ಟೆಗೆ ರಜೆಯೋ, ಬರೆಯುವವರು ಮರೆತರೋ? ಒಂದೇ ತಳಿಯ ಹೆಸರನ್ನು ಒಂದು ವರ್ಷ ಒಂದು ರೀತಿ, ಇನ್ನೊಂದು ವರ್ಷ ಇನ್ನೊಂದು ರೀತಿ ಬರೆದಿರಬಹುದು. ಕ್ವಿಂಟಲ್‌ನಲ್ಲಿ ಇರಬೇಕಾದ ಲೆಕ್ಕ ಯಾವುದೋ ಒಂದು ದಿನ ಚೀಲದಲ್ಲಿ ನುಸುಳಿರಬಹುದು. ಇದನ್ನು ಸರಿಪಡಿಸದೆ ಸರಾಸರಿ ತೆಗೆದರೆ ಬರುವ ಉತ್ತರ ಅಂದವಾಗಿರುತ್ತದೆ, ಅಷ್ಟೇ ತಪ್ಪಾಗಿಯೂ ಇರುತ್ತದೆ.

ಕಸ ತೆಗೆದ ಮೇಲೆ ಆವಕ ಒಂದು ಕಡೆ, ಬೆಲೆ ಇನ್ನೊಂದು ಕಡೆ ಇಟ್ಟು ಗ್ರಾಫ್ ಹಾಕುತ್ತಾಳೆ. ಆವಕ ಹೆಚ್ಚಿದರೆ ಬೆಲೆ ಇಳಿಯಬೇಕು ಎಂದು ಪುಸ್ತಕ ಹೇಳುತ್ತದೆ. ಬಹಳಷ್ಟು ವಾರ ಹಾಗೆಯೇ ಇರುತ್ತದೆ. ಕೆಲವು ವಾರ ಮಾತ್ರ ಆವಕವೂ ಏರಿ ಬೆಲೆಯೂ ಏರಿರುತ್ತದೆ. ಪುಸ್ತಕ ತಪ್ಪೇ? ನಿಮ್ಮನ್ನು ಕೇಳಿದರೆ ಒಂದೇ ಮಾತಿನಲ್ಲಿ ಉತ್ತರ ಕೊಡುತ್ತೀರಿ: ಬೆಲೆ ಏರಿದ ಸುದ್ದಿ ಹೋದ ತಕ್ಷಣ ಚಿತ್ರದುರ್ಗ, ಗದಗದ ಕಡೆಯ ರೈತರು ಬಲಿಯುವ ಮೊದಲೇ ಕಿತ್ತು ಕಳಿಸುತ್ತಾರೆ, ಬೇರೆ ಊರಿಗೆ ಹೊರಟ ಲಾರಿಯೂ ಇಲ್ಲಿಗೆ ತಿರುಗುತ್ತದೆ. ಅಂದರೆ ಆವಕ ಬೆಲೆಯನ್ನು ನಿರ್ಧರಿಸುತ್ತದೆ, ಬೆಲೆಯೂ ಆವಕವನ್ನು ನಿರ್ಧರಿಸುತ್ತದೆ. ಎರಡೂ ಒಂದನ್ನೊಂದು ಎಳೆದಾಡುವಾಗ ಅವುಗಳ ನಡುವೆ ಕಂಪ್ಯೂಟರ್ ಎಳೆದುಕೊಡುವ ಗೆರೆ ಬೇಡಿಕೆಯದ್ದೂ ಅಲ್ಲ, ಪೂರೈಕೆಯದ್ದೂ ಅಲ್ಲ. ಎಕನಾಮೆಟ್ರಿಕ್ಸ್ ಎಂಬ ವಿಷಯದ ಅರ್ಧ ಭಾಗ ಈ ಒಂದು ತೊಡಕಿನ ಸುತ್ತ ಬೆಳೆದಿದೆ.

ಹಾಗಾದರೆ ಬಿಡಿಸುವುದು ಹೇಗೆ? ಬೆಂಗಳೂರಿನ ಗ್ರಾಹಕರ ಬೇಡಿಕೆಗೆ ಸಂಬಂಧವೇ ಇಲ್ಲದೆ, ಆವಕವನ್ನು ಮಾತ್ರ ಅಲುಗಾಡಿಸುವ ಏನಾದರೂ ಬೇಕು. ಬೆಳೆಯುವ ಜಿಲ್ಲೆಯ ಮಳೆ ಅಂಥದ್ದು. 1928ರಲ್ಲಿ ಅಮೆರಿಕದ ಅರ್ಥಶಾಸ್ತ್ರಜ್ಞ ಫಿಲಿಪ್ ರೈಟ್ ಅಗಸೆ ಬೀಜದ ಮಾರುಕಟ್ಟೆಯ ವಿಷಯದಲ್ಲಿ ಇದೇ ಬಗೆಯ ಉಪಾಯ ಹೂಡಿದ್ದರು. 2019ರಲ್ಲಿ ಮಹಾರಾಷ್ಟ್ರದಲ್ಲೂ ಉತ್ತರ ಕರ್ನಾಟಕದಲ್ಲೂ ಅತಿಮಳೆಗೆ ಬೆಳೆ ಕೊಳೆತು, ಸೆಪ್ಟೆಂಬರ್ 29ರಂದು ಕೇಂದ್ರ ಸರ್ಕಾರ ರಫ್ತು ನಿಷೇಧಿಸಿದರೂ ಡಿಸೆಂಬರ್ ಹೊತ್ತಿಗೆ ಬೆಂಗಳೂರಿನಲ್ಲಿ ಒಳ್ಳೆಯ ಈರುಳ್ಳಿ ಕಿಲೋಗೆ 200 ರೂಪಾಯಿ ಮುಟ್ಟಿದ್ದು ನಿಮಗೆ ನೆನಪಿರುತ್ತದೆ. ಆ ವರ್ಷದ ಅಂಕಿಗಳು ನಮ್ಮಂಥವರಿಗೆ ಚಿನ್ನ. ಆದರೆ ಇಲ್ಲಿಯೂ ಒಂದು ಕೊಕ್ಕೆ ಇದೆ. ಮಳೆಗೆ ಸಿಕ್ಕಿದ ಈರುಳ್ಳಿ ಒದ್ದೆಯಾಗಿ ಬರುತ್ತದೆ, ಒದ್ದೆ ಮಾಲಿಗೆ ಬೆಲೆ ಕಡಿಮೆ. ಅಂದರೆ ಮಳೆ ಆವಕವನ್ನಷ್ಟೇ ಅಲ್ಲ, ಗುಣಮಟ್ಟವನ್ನೂ ಅಲುಗಾಡಿಸಿತು. ಈ ಮಾತು ಯಾವ ಪಠ್ಯದಲ್ಲೂ ಇರುವುದಿಲ್ಲ. ಮಂಡಿಯಲ್ಲಿ ಕೂತವರಿಗೆ ಗೊತ್ತು, ಅವರ ಮಗಳಿಗೂ ಗೊತ್ತಿರುವ ಸಾಧ್ಯತೆ ಹೆಚ್ಚು. ನಿಮ್ಮ ಮನೆಯಲ್ಲಿ ಅವಳಿಗೆ ಸಿಕ್ಕಿರುವ ಈ ತಿಳಿವಳಿಕೆಯನ್ನು ಕಡಿಮೆ ಎಂದುಕೊಳ್ಳಬೇಡಿ.

ಈಗ ಕೋರ್ಸಿನ ಹೆಸರಿಗೆ ಬರೋಣ. ಕಳೆದ ಕೆಲವು ವರ್ಷಗಳಲ್ಲಿ ಬೆಂಗಳೂರಿನ ಕಾಲೇಜುಗಳಲ್ಲಿ 'ಡೇಟಾ' ಎಂಬ ಪದ ಸೇರಿಸಿಕೊಂಡ ಪದವಿಗಳು ಸಾಲುಗಟ್ಟಿವೆ. ಅದಕ್ಕೆ ನ್ಯಾಯವಾದ ಕಾರಣವೂ ಇದೆ. ಅರ್ಥಶಾಸ್ತ್ರದ ಸಂಶೋಧನೆಯೇ ಅಂಕಿಅಂಶದ ಕಡೆಗೆ ವಾಲಿದೆ. 2021ರ ನೊಬೆಲ್ ಪ್ರಶಸ್ತಿ ಡೇವಿಡ್ ಕಾರ್ಡ್, ಜೋಶುವಾ ಆಂಗ್ರಿಸ್ಟ್, ಗೀಡೊ ಇಂಬೆನ್ಸ್ ಅವರಿಗೆ ಸಂದದ್ದೂ ಇಂಥ ಕೆಲಸಕ್ಕೆ. ಈ ಊರಿನಲ್ಲಿ ಬ್ಯಾಂಕುಗಳ, ಚಿಲ್ಲರೆ ಮಾರಾಟ ಕಂಪನಿಗಳ ಲೆಕ್ಕಾಚಾರದ ಕಚೇರಿಗಳು ಹೊರವರ್ತುಲ ರಸ್ತೆಯ ಉದ್ದಕ್ಕೂ ಇವೆ, ಅವರಿಗೆ ಜನ ಬೇಕು. ಆದರೆ ಕೆಲವು ಕಡೆ ಹಳೆಯ ಪಠ್ಯಕ್ರಮಕ್ಕೆ ಎಕ್ಸೆಲ್ ಮೇಲೆ ಒಂದು ಪತ್ರಿಕೆ, ಪೈಥಾನ್ ಎಂಬ ಪ್ರೋಗ್ರಾಮಿಂಗ್ ಭಾಷೆಯ ಮೇಲೆ ಒಂದು ಪತ್ರಿಕೆ ಹೊಲಿದು ಹೊಸ ಹೆಸರಿಟ್ಟಿದ್ದಾರೆ. ಹೊರಗಿನಿಂದ ನೋಡಿದರೆ ಯಾವುದು ಯಾವುದೆಂದು ತಿಳಿಯುವುದಿಲ್ಲ.

ತಿಳಿಯಬೇಕಾದರೆ ಪಠ್ಯಕ್ರಮದ ಪ್ರತಿ ಕೇಳಿ ಪಡೆಯಿರಿ. ಎಲ್ಲ ಸೆಮಿಸ್ಟರ್‌ಗಳಲ್ಲಿ ಸಂಖ್ಯಾಶಾಸ್ತ್ರ, ಗಣಿತ, ಎಕನಾಮೆಟ್ರಿಕ್ಸ್ ಎಷ್ಟು ಪತ್ರಿಕೆ ಎಂದು ಎಣಿಸಿ. ಎಕನಾಮೆಟ್ರಿಕ್ಸ್ ಒಂದು ಪತ್ರಿಕೆಯೂ ಇಲ್ಲದಿದ್ದರೆ ಹೆಸರು ಏನೇ ಇರಲಿ, ಎದ್ದು ಬನ್ನಿ. ಅದನ್ನು ಕಲಿಸುವವರು ಕಾಯಂ ಅಧ್ಯಾಪಕರೋ, ವರ್ಷ ವರ್ಷ ಬದಲಾಗುವ ಅತಿಥಿ ಉಪನ್ಯಾಸಕರೋ ಕೇಳಿ. (ಅತಿಥಿ ಉಪನ್ಯಾಸಕರಲ್ಲಿ ಅತ್ಯುತ್ತಮರಿದ್ದಾರೆ; ತೊಂದರೆ ಇರುವುದು ಅವರು ಮುಂದಿನ ವರ್ಷ ಇರುತ್ತಾರೋ ಇಲ್ಲವೋ ಎಂಬುದರಲ್ಲಿ.) ಕಂಪ್ಯೂಟರ್ ಲ್ಯಾಬ್ ತೋರಿಸಿ ಎನ್ನಿ. ಹೋದ ವರ್ಷದ ಅಂತಿಮ ವರ್ಷದ ವಿದ್ಯಾರ್ಥಿಗಳ ಪ್ರಾಜೆಕ್ಟ್ ವರದಿಯೊಂದನ್ನು ಕೈಗೆ ಕೊಡಿ ಎನ್ನಿ. ಕೊಟ್ಟರೆ ಮಗಳು ಅದನ್ನು ಓದಲಿ. ಅಂಕಿಅಂಶ ಎಲ್ಲಿಂದ ಬಂತು ಎಂದು ಅದರಲ್ಲಿ ಸ್ಪಷ್ಟವಾಗಿ ಬರೆದಿದ್ದರೆ ಕಾಲೇಜು ಒಳ್ಳೆಯದು. ಕೊಡಲು ಮೀನಮೇಷ ಎಣಿಸಿದರೆ ಅದೂ ಒಂದು ಉತ್ತರವೇ.

ಉದ್ಯೋಗದ ಅಂಕಿಗಳನ್ನು ಓದುವುದರಲ್ಲಿ ಮಾತ್ರ ಎಚ್ಚರ. 'ಗರಿಷ್ಠ ಪ್ಯಾಕೇಜ್ ಇಷ್ಟು ಲಕ್ಷ' ಎಂದು ದಪ್ಪಕ್ಷರದಲ್ಲಿ ಹಾಕುತ್ತಾರೆ. ಗರಿಷ್ಠ ಎಂಬುದು ಒಬ್ಬರಿಗೆ ಸಿಕ್ಕ ಸಂಬಳ. ನೀವು ಕೇಳಬೇಕಾದ್ದು ಮಧ್ಯಾಂಕ, ಅಂದರೆ ಸಂಬಳಗಳನ್ನು ಸಾಲಾಗಿ ಜೋಡಿಸಿದರೆ ನಡುವೆ ನಿಲ್ಲುವ ಸಂಬಳ. 'ಶೇ 90 ಉದ್ಯೋಗ' ಎಂದಾಗ ಶೇಕಡಾ ಯಾರದ್ದು ಎಂದು ಕೇಳಿ. ತರಗತಿಯಲ್ಲಿ 60 ಜನ, ಸಂದರ್ಶನಕ್ಕೆ ಹೆಸರು ಕೊಡಲು ಅರ್ಹತೆ ಪಡೆದವರು 40, ಕೆಲಸ ಸಿಕ್ಕಿದ್ದು 36 ಜನಕ್ಕೆ ಎಂದುಕೊಳ್ಳಿ. 40ಕ್ಕೆ 36 ಎಂದರೆ ಶೇ 90. 60ಕ್ಕೆ 36 ಎಂದರೆ ಶೇ 60. ಎರಡೂ ಸುಳ್ಳಲ್ಲ. ಈ ಪ್ರಶ್ನೆಗಳನ್ನು ನೀವಲ್ಲ, ಮಗಳೇ ಕೇಳಲಿ. ಕೋರ್ಸಿನ ಮೊದಲ ಪಾಠ ಸೇರುವ ಮೊದಲೇ ಆದಂತಾಗುತ್ತದೆ.

ಸಾಲದ ಲೆಕ್ಕವನ್ನು ಕಾಗದದ ಮೇಲೆ ಇಡೋಣ. 14 ಲಕ್ಷವನ್ನು ಶೇ 11ರ ಬಡ್ಡಿಗೆ ಹತ್ತು ವರ್ಷಕ್ಕೆ ಕಟ್ಟುವುದಾದರೆ ಕಂತು ತಿಂಗಳಿಗೆ 19 ಸಾವಿರ ದಾಟುತ್ತದೆ. ಓದುವ ಅವಧಿಯಲ್ಲಿ ಬೆಳೆಯುವ ಬಡ್ಡಿ ಇದರ ಮೇಲೆ. ಕೈಗೆ ಬರುವ ಮೊದಲ ಸಂಬಳದ ದೊಡ್ಡ ತುಂಡು ಬ್ಯಾಂಕಿಗೆ ಹೋದರೆ ಅವಳು ಸ್ನಾತಕೋತ್ತರ ಪದವಿಯ ಯೋಚನೆಯನ್ನೇ ಬಿಡಬೇಕಾಗುತ್ತದೆ. ಅರ್ಥಶಾಸ್ತ್ರದಲ್ಲಿ ಒಳ್ಳೆಯ ಕೆಲಸದ ಬಾಗಿಲುಗಳು ಹೆಚ್ಚಾಗಿ ತೆರೆಯುವುದು ಎಂ.ಎ. ಅಥವಾ ಎಂ.ಎಸ್ಸಿ. ನಂತರ. ಪದವಿಗೇ ಹಣವೆಲ್ಲ ಸುರಿದು ಅಲ್ಲಿ ನಿಂತುಬಿಡುವುದು ನನ್ನ ಕಣ್ಣಿಗೆ ದೊಡ್ಡ ಅಪಾಯವಾಗಿ ಕಾಣುತ್ತದೆ. ದೊಡ್ಡ ಖಾಸಗಿ ಸಂಸ್ಥೆಯಲ್ಲಿ ಒಳ್ಳೆಯ ಲ್ಯಾಬ್, ಇಂಗ್ಲಿಷ್ ವಾತಾವರಣ, ಕಂಪನಿಗಳ ನಂಟು ಇರಬಹುದು. ವಿದ್ಯಾರ್ಥಿವೇತನದಿಂದ ಶುಲ್ಕ ಅರ್ಧಕ್ಕಿಂತ ಕೆಳಗೆ ಇಳಿದರೆ ಮತ್ತೆ ಯೋಚಿಸಬಹುದು. ಸರ್ಜಾಪುರದ ಕಡೆ ಇರುವ ಅಜೀಂ ಪ್ರೇಮ್‌ಜಿ ವಿಶ್ವವಿದ್ಯಾಲಯದಲ್ಲಿ ಕುಟುಂಬದ ಆದಾಯ ನೋಡಿ ಶುಲ್ಕ ನೆರವು ಕೊಡುವ ಪದ್ಧತಿ ಇದೆ, ಅರ್ಥಶಾಸ್ತ್ರದ ಪದವಿಯೂ ಇದೆ. ಜ್ಞಾನಭಾರತಿಯ ಕಡೆ ಸರ್ಕಾರವೇ ನಡೆಸುವ ಡಾ. ಬಿ.ಆರ್. ಅಂಬೇಡ್ಕರ್ ಸ್ಕೂಲ್ ಆಫ್ ಎಕನಾಮಿಕ್ಸ್ ಇದೆ. 2017ರಲ್ಲಿ ಶುರುವಾಗಿ ಆಮೇಲೆ ವಿಶ್ವವಿದ್ಯಾಲಯವಾಯಿತು. ಇವೆರಡರ ಪ್ರವೇಶ ನಿಯಮ, ಗಣಿತದ ಷರತ್ತು ಆಯಾ ವರ್ಷದ ಪ್ರಕಟಣೆಯಲ್ಲಿ ಸಿಗುತ್ತವೆ. ಈ ಸಲ ಅವಧಿ ಮೀರಿದ್ದರೆ ಒಂದು ವರ್ಷ ಸುಮ್ಮನೆ ಕೂರಿಸಬೇಡಿ.

ಮೂರು ವರ್ಷವೋ ನಾಲ್ಕು ವರ್ಷವೋ ಎಂಬ ಗೊಂದಲವೂ ನಿಮ್ಮಲ್ಲಿ ಇರಬಹುದು. ಕರ್ನಾಟಕದಲ್ಲಿ 2021–22ರಲ್ಲಿ ನಾಲ್ಕು ವರ್ಷದ ಪದವಿ ಬಂತು. 2024–25ರಿಂದ ರಾಜ್ಯದ ವಿಶ್ವವಿದ್ಯಾಲಯಗಳು ಮೂರು ವರ್ಷಕ್ಕೆ ಮರಳಿದವು. ಇಲ್ಲಿಯೇ ಎಂ.ಎ. ಮಾಡುವುದಾದರೆ ಮೂರು ವರ್ಷ ಸಾಕು. ಹೊರದೇಶದ ಕೆಲವು ವಿಶ್ವವಿದ್ಯಾಲಯಗಳು ನಾಲ್ಕು ವರ್ಷ ಕೇಳುತ್ತವೆ, ಆದರೆ ಎಂ.ಎ. ಮುಗಿಸಿ ಹೋಗುವವರಿಗೆ ಆ ತೊಂದರೆ ಇಲ್ಲ.

ಗಣಿತದ ವಿಷಯದಲ್ಲಿ ನಿಮಗೆ ಒಂದು ಸಮಾಧಾನ, ಒಂದು ಎಚ್ಚರಿಕೆ. ಸಮಾಧಾನ ಏನೆಂದರೆ ಅವಳು ಪಿಯುಸಿಯಲ್ಲಿ ಸಂಖ್ಯಾಶಾಸ್ತ್ರ ಓದಿದ್ದಾಳೆ. ಸೂಚ್ಯಂಕಗಳು, ಕಾಲಶ್ರೇಣಿ, ಸಂಭವನೀಯತೆಯ ಹಂಚಿಕೆಗಳು, ಊಹೆಯ ಪರೀಕ್ಷೆ ಇವೆಲ್ಲ ಆ ಪುಸ್ತಕದಲ್ಲಿವೆ. ಹಣದುಬ್ಬರದ ಸೂಚ್ಯಂಕದಲ್ಲಿ ಆಹಾರಕ್ಕೆ ಎಷ್ಟು ತೂಕ ಎಂಬ ಚರ್ಚೆ ಬಂದರೆ (2012 ಮೂಲವರ್ಷದ ಸರಣಿಯಲ್ಲಿ ಆಹಾರ ಮತ್ತು ಪಾನೀಯಗಳಿಗೆ ಶೇ 45.86 ಇತ್ತು) ಅದರ ಅರ್ಥ ಅವಳಿಗೆ ತಕ್ಷಣ ಹೊಳೆಯುತ್ತದೆ. ಇತಿಹಾಸದ ಜೊತೆ ಅರ್ಥಶಾಸ್ತ್ರ ಓದಿ ಬಂದ ಅನೇಕರಿಗೆ ಈ ಅನುಕೂಲ ಇರುವುದಿಲ್ಲ.

ಎಚ್ಚರಿಕೆ ಏನೆಂದರೆ, ಕಲನಶಾಸ್ತ್ರ (ಕ್ಯಾಲ್ಕುಲಸ್) ಮತ್ತು ಮಾತೃಕೆಗಳು (ಮ್ಯಾಟ್ರಿಕ್ಸ್) ಬಾರದಿದ್ದರೆ ಎರಡನೆಯ ವರ್ಷದಲ್ಲಿ ಮುಗ್ಗರಿಸುತ್ತಾಳೆ. ಲಾಭ ಗರಿಷ್ಠವಾಗುವ ಬಿಂದು ಯಾವುದು ಎಂಬ ಸಾಮಾನ್ಯ ಪ್ರಶ್ನೆಗೂ ಅವಕಲನ ಬೇಕು. ರಿಗ್ರೆಶನ್ (ಒಂದು ಅಂಶ ಬದಲಾದರೆ ಇನ್ನೊಂದು ಎಷ್ಟು ಬದಲಾಗುತ್ತದೆ ಎಂದು ಅಳೆಯುವ ಲೆಕ್ಕ) ಒಳಗೆ ಏನು ನಡೆಯುತ್ತದೆ ಎಂದು ತಿಳಿಯಲು ಮಾತೃಕೆ ಬೇಕು. ಹಾಗೆಂದು ವಿಜ್ಞಾನ ವಿಭಾಗದ ಗಣಿತವನ್ನೆಲ್ಲ ಕಲಿಯಬೇಕಿಲ್ಲ. ಪಿಯುಸಿ ಗಣಿತದ ಎನ್‌ಸಿಇಆರ್‌ಟಿ ಪುಸ್ತಕಗಳು ಅಂತರ್ಜಾಲದಲ್ಲಿ ಉಚಿತವಾಗಿ ಸಿಗುತ್ತವೆ. ಮೊದಲ ವರ್ಷದ್ದರಲ್ಲಿ ಫಲನಗಳು, ಸರಳರೇಖೆ, ಸೀಮೆ ಮತ್ತು ಅವಕಲನ. ಎರಡನೆಯ ವರ್ಷದ್ದರಲ್ಲಿ ಮಾತೃಕೆ, ನಿರ್ಧಾರಕ, ಅವಕಲನದ ಅನ್ವಯ, ಸಂಭವನೀಯತೆ. ತ್ರಿಕೋನಮಿತಿಯ ದೊಡ್ಡ ಭಾಗ, ಶಂಕುಜಗಳನ್ನು ಧೈರ್ಯವಾಗಿ ಬಿಡಬಹುದು. ಓದುವುದಲ್ಲ, ಲೆಕ್ಕ ಬಿಡಿಸಬೇಕು, ಪೆನ್ನು ಕಾಗದ ಹಿಡಿದು. ತರಗತಿಗಳು ಶುರುವಾಗುವ ಮೊದಲು ಸಿಗುವ ಬಿಡುವು ಮತ್ತು ಮೊದಲ ಸೆಮಿಸ್ಟರ್ ಸೇರಿದರೆ, ದಿನಕ್ಕೆ ಒಂದು ಗಂಟೆ ಕೂತರೂ ಇದು ಆಗುವ ಕೆಲಸ. ನನ್ನ ತರಗತಿಯಲ್ಲಿ ಹೀಗೆ ಮಾಡಿ ಮುಂದೆ ಬಂದವರಿದ್ದಾರೆ, 'ಆಮೇಲೆ ನೋಡೋಣ' ಎಂದು ಉಳಿದುಹೋದವರೂ ಇದ್ದಾರೆ. ಬುದ್ಧಿಯಲ್ಲಿ ಅವರ ನಡುವೆ ವ್ಯತ್ಯಾಸ ಕಂಡದ್ದಿಲ್ಲ.

ನಿಮ್ಮ ಭಾವಮೈದುನರ ಮಾತನ್ನು ತಳ್ಳಿಹಾಕುವುದಿಲ್ಲ. ಕೋಡ್ ಬರೆಯುವುದು, ಪಟ್ಟಿಯಿಂದ ಚಾರ್ಟ್ ಮಾಡುವುದು, ವಾರದ ವರದಿ ತಯಾರಿಸುವುದು ಇವನ್ನೆಲ್ಲ ಎ.ಐ. ಈಗಾಗಲೇ ಮಾಡುತ್ತಿದೆ. ಅಷ್ಟನ್ನೇ ಕಲಿತು ಹೊರಬಂದವರಿಗೆ ಕಷ್ಟ ಇದೆ, ಅದನ್ನು ಮುಚ್ಚಿಟ್ಟು ಪ್ರಯೋಜನವಿಲ್ಲ. ಆರು ತಿಂಗಳ ಡೇಟಾ ಕೋರ್ಸಿಗೆ ದೊಡ್ಡ ಶುಲ್ಕ ಕೇಳುವ ಸಂಸ್ಥೆಗಳಿಂದ ದೂರವಿರಿ ಎಂದು ನಾನು ಹೇಳುವುದು ಇದೇ ಕಾರಣಕ್ಕೆ. ಆದರೆ ಸೊನ್ನೆ ಎಂದರೆ ರಜೆಯೋ ಮರೆವೋ ಎಂಬ ಪ್ರಶ್ನೆ, ಒದ್ದೆ ಈರುಳ್ಳಿಯ ಪ್ರಶ್ನೆ ಯಂತ್ರಕ್ಕೆ ತಾನಾಗಿ ಹೊಳೆಯುವುದಿಲ್ಲ, ಯಾರಾದರೂ ಕೇಳಬೇಕು.

ಇದಕ್ಕೆ ಜಗತ್ತೇ ನೋಡಿದ ಒಂದು ಉದಾಹರಣೆ ಇದೆ. ಕಾರ್ಮೆನ್ ರೈನ್‌ಹಾರ್ಟ್ ಮತ್ತು ಹಾರ್ವರ್ಡ್‌ನ ಕೆನೆತ್ ರೋಗಾಫ್ ಎಂಬ ಅರ್ಥಶಾಸ್ತ್ರಜ್ಞರು 2010ರಲ್ಲಿ ಒಂದು ಪ್ರಬಂಧ ಪ್ರಕಟಿಸಿದರು. ಸರ್ಕಾರದ ಸಾಲ ಜಿಡಿಪಿಯ ಶೇ 90 ದಾಟಿದ ದೇಶಗಳ ಸರಾಸರಿ ಬೆಳವಣಿಗೆ ಸೊನ್ನೆಗಿಂತ ಕೆಳಗೆ, ಶೇ -0.1 ಎಂದು ಅದರಲ್ಲಿತ್ತು. ಖರ್ಚು ಕಡಿತಕ್ಕೆ ಹೊರಟಿದ್ದ ಸರ್ಕಾರಗಳಿಗೆ ಅದು ಆಧಾರವಾಯಿತು. 2013ರಲ್ಲಿ ಮ್ಯಾಸಚೂಸೆಟ್ಸ್ ವಿಶ್ವವಿದ್ಯಾಲಯದ ಥಾಮಸ್ ಹರ್ನ್‌ಡನ್ ಎಂಬ ವಿದ್ಯಾರ್ಥಿ ತರಗತಿಯ ಅಭ್ಯಾಸಕ್ಕಾಗಿ ಅದೇ ಲೆಕ್ಕ ಮಾಡಲು ಹೋದ. ಉತ್ತರ ಹೊಂದಲಿಲ್ಲ. ಮೂಲ ಎಕ್ಸೆಲ್ ಹಾಳೆ ತರಿಸಿ ನೋಡಿದರೆ ಸರಾಸರಿ ತೆಗೆಯುವಾಗ ಐದು ದೇಶಗಳ ಸಾಲುಗಳು ಹೊರಗೆ ಉಳಿದಿದ್ದವು. ಕೆಲವು ವರ್ಷಗಳನ್ನು ಬಿಟ್ಟದ್ದು, ತೂಕ ಕೊಟ್ಟ ರೀತಿ ಕೂಡ ಪ್ರಶ್ನಾರ್ಹವಾಗಿದ್ದವು. ತಿದ್ದಿದಾಗ ಬಂದ ಅಂಕಿ ಶೇ 2.2. ಆ ಹಾಳೆಯಲ್ಲಿ ಎಕ್ಸೆಲ್ ತನ್ನ ಕೆಲಸವನ್ನು ತಪ್ಪಿಲ್ಲದೆ ಮಾಡಿತ್ತು; ಆರಿಸಿ ಕೊಟ್ಟ ಸಾಲುಗಳೇ ತಪ್ಪಾಗಿದ್ದವು. ಅನುಮಾನ ಬಂದದ್ದು ಹುಡುಗನಿಗೆ. ಸಂಬಳ ಕೊಟ್ಟು ಇಟ್ಟುಕೊಳ್ಳಲು ಜನ ಹುಡುಕುವುದು ಆ ಅನುಮಾನವನ್ನು. ಎ.ಐ. ಬಂದ ಮೇಲೆ ತಪ್ಪು ಉತ್ತರಗಳೂ ಸೊಗಸಾಗಿ ಬರುತ್ತಿರುವುದರಿಂದ ಅದರ ಬೆಲೆ ಏರಬಹುದು ಎಂಬುದು ನನ್ನ ಅಂದಾಜು.

ಕೆಲಸದ ಮಾತು. ಕೇಂದ್ರ ಸರ್ಕಾರದ ಶ್ರಮಬಲ ಸಮೀಕ್ಷೆಯ ಪ್ರಕಾರ 2023–24ರಲ್ಲಿ ದೇಶದ ನಿರುದ್ಯೋಗ ಪ್ರಮಾಣ ಶೇ 3.2, 15ರಿಂದ 29 ವಯಸ್ಸಿನವರಲ್ಲಿ ಅದೇ ಶೇ 10.2. ಮೊದಲ ಕೆಲಸ ತಡವಾಗುವುದು ಎಲ್ಲ ಯುವಜನರ ಪಾಡು, ಅರ್ಥಶಾಸ್ತ್ರ ಓದಿದವರ ಪಾಡು ಮಾತ್ರವಲ್ಲ. ಬಿ.ಕಾಂ. ಸುರಕ್ಷಿತ ಎಂಬ ನಂಬಿಕೆಗೂ ಇದೇ ಉತ್ತರ. ಸಿ.ಎ. ಒಳ್ಳೆಯ ವೃತ್ತಿ, ಆದರೆ ಅದಕ್ಕೆ ಮನಸ್ಸಿಲ್ಲದವರನ್ನು ಕೂರಿಸಿದರೆ ವರ್ಷಗಳು ಪರೀಕ್ಷೆ ಪರೀಕ್ಷೆ ಎಂದೇ ಸವೆಯುತ್ತವೆ. ಅರ್ಥಶಾಸ್ತ್ರ ಮತ್ತು ಸಂಖ್ಯಾಶಾಸ್ತ್ರ ಓದಿದವರು ಖಾಸಗಿ ವಲಯದಲ್ಲಿ ಅನಲಿಸ್ಟ್ ಹುದ್ದೆಗಳಿಗೆ, ಸಂಶೋಧನಾ ಸಂಸ್ಥೆಗಳಲ್ಲಿ ಸಹಾಯಕರಾಗಿ, ಬ್ಯಾಂಕುಗಳಿಗೆ ಹೋಗುತ್ತಾರೆ. ಖಾಸಗಿ ಕೆಲಸಕ್ಕೆ ಸೇರುವಾಗ ಬಾಂಡ್ ಇದ್ದರೆ ಅದರ ಪ್ರತಿಯೊಂದು ಸಾಲನ್ನೂ ಓದಿ ಸಹಿ ಮಾಡಲಿ.

ಸರ್ಕಾರಿ ಹುದ್ದೆಯ ಆಸೆ ಇದ್ದರೆ ಒಂದು ಸೂಕ್ಷ್ಮ ತಿಳಿದಿರಲಿ, ಇದನ್ನು ಕಾಲೇಜಿನವರು ಹೇಳುವುದು ಕಡಿಮೆ. ಭಾರತೀಯ ಆರ್ಥಿಕ ಸೇವೆಯ ಪರೀಕ್ಷೆಗೆ ಅರ್ಥಶಾಸ್ತ್ರದ ಸ್ನಾತಕೋತ್ತರ ಪದವಿ ಬೇಕು. ಭಾರತೀಯ ಸಂಖ್ಯಾಶಾಸ್ತ್ರ ಸೇವೆಯ ಪರೀಕ್ಷೆಯನ್ನು ಪದವಿಯಲ್ಲಿ ಸಂಖ್ಯಾಶಾಸ್ತ್ರ ಒಂದು ವಿಷಯವಾಗಿ ಇದ್ದರೆ ಸಾಕು, ಬರೆಯಬಹುದು. ರಿಸರ್ವ್ ಬ್ಯಾಂಕಿನ ಅರ್ಥಶಾಸ್ತ್ರ ಮತ್ತು ಅಂಕಿಅಂಶ ವಿಭಾಗಗಳ ಅಧಿಕಾರಿ ಹುದ್ದೆಗಳಿಗೆ ಸ್ನಾತಕೋತ್ತರ ಪದವಿ. ರಾಜ್ಯದಲ್ಲಿ ಆರ್ಥಿಕ ಮತ್ತು ಸಾಂಖ್ಯಿಕ ನಿರ್ದೇಶನಾಲಯವಿದೆ. ಅಂಕಪಟ್ಟಿಯಲ್ಲಿ 'ಸಂಖ್ಯಾಶಾಸ್ತ್ರ' ಎಂಬ ಹೆಸರೇ ಇದ್ದರೆ ಅರ್ಹತೆಯ ಬಗ್ಗೆ ತಕರಾರು ಇರುವುದಿಲ್ಲ. 'ಡೇಟಾ ಅನಲಿಟಿಕ್ಸ್' ಎಂದು ಇದ್ದರೆ ಅದು ಸಂಖ್ಯಾಶಾಸ್ತ್ರಕ್ಕೆ ಸಮ ಎಂದು ಸಾಬೀತುಪಡಿಸುವ ತಲೆನೋವು ಅಭ್ಯರ್ಥಿಯ ಪಾಲಿಗೆ. ಹಳೆಯ ಹೆಸರಿನ ಅನುದಾನಿತ ಕಾಲೇಜು ಗೆಲ್ಲುವ ಜಾಗ ಇದು.

ಅನುದಾನಿತ ಕಾಲೇಜಿನಲ್ಲಿ ಅಪಾಯಗಳಿಲ್ಲವೆಂದಲ್ಲ. ಖಾಲಿ ಹುದ್ದೆಗಳಿಂದ ಪಾಠ ಅರ್ಧಕ್ಕೆ ನಿಲ್ಲಬಹುದು. ಲ್ಯಾಬ್ ಹಳೆಯದಿರಬಹುದು. ಕಂಪನಿಗಳು ಕ್ಯಾಂಪಸ್ಸಿಗೆ ಬಾರದೇ ಇರಬಹುದು. ಆ ಕೊರತೆಯನ್ನು ಅವಳೇ ತುಂಬಿಕೊಳ್ಳಬೇಕು, ಅದಕ್ಕೆ ಶಿಸ್ತು ಬೇಕು. ಐಐಟಿ ಮದ್ರಾಸ್ ಆನ್‌ಲೈನ್‌ನಲ್ಲಿ ನಡೆಸುವ ಡೇಟಾ ಸೈನ್ಸ್ ಪದವಿ ಇದೆ. ಜೆಇಇ ಬೇಕಿಲ್ಲ, ಅರ್ಹತಾ ಹಂತ ದಾಟಬೇಕು, ಪರೀಕ್ಷೆಗಳು ಕೇಂದ್ರದಲ್ಲಿ ಕೂತು ಬರೆಯುವಂಥವು, ಕುಟುಂಬದ ಆದಾಯ ಕಡಿಮೆ ಇದ್ದವರಿಗೆ ಶುಲ್ಕ ರಿಯಾಯಿತಿಯೂ ಇದೆ. ಏಕಕಾಲಕ್ಕೆ ಎರಡು ಪದವಿ ಓದಲು 2022ರಿಂದ ಯುಜಿಸಿ ಅವಕಾಶ ಕೊಟ್ಟಿದೆ. ಆದರೂ ಮೊದಲ ವರ್ಷವೇ ಎರಡನ್ನೂ ಹೊರಿಸಬೇಡಿ. ಗಣಿತ ಕುದುರಿದ ಮೇಲೆ, ಎರಡನೆಯ ವರ್ಷದಲ್ಲಿ ನೋಡಬಹುದು. ಶುಲ್ಕ ಉಳಿದ ಹಣದಲ್ಲಿ ಸ್ವಲ್ಪವನ್ನು ಎಂ.ಎ.ಗೆಂದು ಬೇರೆ ಇಡಿ. ಮುಂಬಯಿಯ ಇಂದಿರಾ ಗಾಂಧಿ ಅಭಿವೃದ್ಧಿ ಸಂಶೋಧನಾ ಸಂಸ್ಥೆ, ಭಾರತೀಯ ಸಂಖ್ಯಾಶಾಸ್ತ್ರೀಯ ಸಂಸ್ಥೆಯಂಥ ಕಡೆ ಪ್ರವೇಶ ಪರೀಕ್ಷೆಯೇ ಗಣಿತಮಯ. ಗಣಿತದ ಬಗ್ಗೆ ನಾನು ಇಷ್ಟು ಪಟ್ಟು ಹಿಡಿದದ್ದು ಅದಕ್ಕಾಗಿ.

ಕನ್ನಡ ಮಾಧ್ಯಮದ ವಿಷಯದಲ್ಲಿ ಹೆದರಿಕೆ ಬೇಡ, ಉದಾಸೀನವೂ ಬೇಡ. ಸಾಫ್ಟ್‌ವೇರ್‌ಗಳೂ ಸಂಶೋಧನಾ ಬರಹಗಳೂ ಇಂಗ್ಲಿಷಿನಲ್ಲಿವೆ. ನಮ್ಮ ವಿದ್ಯಾರ್ಥಿಗಳಿಗೆ ನಾನು ಹೇಳುವ ಉಪಾಯ ಒಂದೇ. ರಾಜ್ಯ ಸರ್ಕಾರ ಪ್ರತಿ ವರ್ಷ ಬಜೆಟ್ ಹೊತ್ತಿಗೆ ತರುವ ಕರ್ನಾಟಕ ಆರ್ಥಿಕ ಸಮೀಕ್ಷೆ ಕನ್ನಡದಲ್ಲೂ ಇಂಗ್ಲಿಷಿನಲ್ಲೂ ಬರುತ್ತದೆ. ಒಂದು ಅಧ್ಯಾಯವನ್ನು ಮೊದಲು ಕನ್ನಡದಲ್ಲಿ ಓದಿ, ಆಮೇಲೆ ಇಂಗ್ಲಿಷಿನಲ್ಲಿ ಓದಿದರೆ ಪಾರಿಭಾಷಿಕ ಪದಗಳು ತಾವಾಗಿ ಕೂರುತ್ತವೆ. ಕೃಷಿಯ ಅಧ್ಯಾಯದಿಂದ ಶುರು ಮಾಡಲಿ, ಮನೆಯಲ್ಲಿ ಕೇಳಲು ನೀವಿದ್ದೀರಿ. ಅಂತಿಮ ವರ್ಷದ ಪ್ರಾಜೆಕ್ಟಿಗೆ ಈರುಳ್ಳಿ ಬೇಸರ ಎನಿಸಿದರೆ, 2023ರ ಜೂನ್ 11ರಂದು ಜಾರಿಯಾದ ಶಕ್ತಿ ಯೋಜನೆಯನ್ನು ಎತ್ತಿಕೊಳ್ಳಬಹುದು. ಉಚಿತ ಬಸ್ಸಿನಿಂದ ಕೆಲಸಕ್ಕೆ ಹೋಗುವ ಮಹಿಳೆಯರು ಹೆಚ್ಚಿದರೇ, ಇಲ್ಲವೇ ಮೊದಲೇ ಹೋಗುತ್ತಿದ್ದವರ ಹಣ ಉಳಿಯಿತೇ? ಬಸ್ಸು ಹತ್ತಿದವರ ಸಂಖ್ಯೆ ನೋಡಿ ಇದಕ್ಕೆ ಉತ್ತರ ಹೇಳಲು ಬರುವುದಿಲ್ಲ. ಏಕೆ ಬರುವುದಿಲ್ಲ ಎಂದು ಅವಳು ಬರೆದು ತೋರಿಸಿದರೆ ಸಂದರ್ಶನದಲ್ಲಿ ಆ ವರದಿ ಪ್ರಮಾಣಪತ್ರಗಳಿಗಿಂತ ಹೆಚ್ಚು ಕೆಲಸಕ್ಕೆ ಬರುತ್ತದೆ.

ಕೊನೆಗೆ ನೀವು ಕೇಳದೆ ಇದ್ದರೂ ಬರುವ ಖರ್ಚು: ಲ್ಯಾಪ್‌ಟಾಪ್. ಅಂಗಡಿಯವರು ಡೇಟಾ ಎಂದ ತಕ್ಷಣ ದುಬಾರಿ ಯಂತ್ರ ತೋರಿಸುತ್ತಾರೆ. ಪದವಿಯ ಕೆಲಸಕ್ಕೆ 8 ಜಿಬಿ ರ‍್ಯಾಮ್, ಎಸ್‌ಎಸ್‌ಡಿ ಇರುವ ಸಾಧಾರಣ ಲ್ಯಾಪ್‌ಟಾಪ್ ಸಾಕು, ಚೆನ್ನಾಗಿರುವ ಸೆಕೆಂಡ್ ಹ್ಯಾಂಡ್ ಸಿಕ್ಕರೂ ಸರಿ. ಆರ್ (ಸಂಖ್ಯಾಶಾಸ್ತ್ರದ ಲೆಕ್ಕಕ್ಕೆ ಬಳಸುವ ಪ್ರೋಗ್ರಾಮಿಂಗ್ ಭಾಷೆ) ಮತ್ತು ಪೈಥಾನ್ ಎರಡೂ ಉಚಿತ. ಮೊದಲು ಎಕ್ಸೆಲ್ ಕೈಗೆ ಹತ್ತಲಿ, ಆಮೇಲೆ ಆರ್, ಕೆಲಸ ಹುಡುಕುವ ಹೊತ್ತಿಗೆ ಎಸ್‌ಕ್ಯುಎಲ್ (ದೊಡ್ಡ ದತ್ತಾಂಶ ಸಂಗ್ರಹದಿಂದ ಬೇಕಾದ್ದನ್ನು ಹೆಕ್ಕುವ ಭಾಷೆ). ಮೊದಲ ಸೆಮಿಸ್ಟರ್ ಕಾಲೇಜಿನ ಲ್ಯಾಬಿನಲ್ಲೇ ನಡೆಯುವುದಾದರೆ ಅದನ್ನೂ ದೀಪಾವಳಿಯ ನಂತರ ಕೊಳ್ಳಬಹುದು.